ನಾನಿದನ್ನು ಕೇಳಿಲ್ಲ

ಮಡಿಕೆಯಕ್ಕನ ಕೈಯಿಂದ ಮೇಸ್ತ್ರಿ ಬೆಡ್‌ಶೀಟ್ ಕಿತ್ತುಕೊಂಡದ್ದು ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ. ಅರ್ಧ ಮಡಚಿದ್ದ ಬೆಡ್‌ಶೀಟ್. ಅದರ ಇನ್ನೊಂದು ತುದಿ ದಪ್ಪಕ್ಕನ ಮುಷ್ಟಿಯಲ್ಲಿತ್ತು. ದಪ್ಪಕ್ಕ ಹಿಡಿದದ್ದನ್ನು ಸುಲಭಕ್ಕೆ ಬಿಡುವವಳಲ್ಲ. ಹಾಗಾಗಿ ಒಂದೆರಡು ಗಳಿಗೆ ಮೇಸ್ತ್ರಿಯೂ ಅವಳೂ ಹಗ್ಗಜಗ್ಗಾಟ ಆಡಿದರು. ಮೇಸ್ತ್ರಿ ಸೋತ.

ಸೋತ ಸಿಟ್ಟಿನಲ್ಲಿ ಅವನು ಮಡಿಕೆಯಕ್ಕನ ಕಡೆ ತಿರುಗಿದ.

"ನೀನು ಇನ್ನು ಈ ಕಡೆ ಬರಬೇಡ. ಕೊಳೆ ಕೋಣೆಗೆ ಹೋಗು."

"ಯಾಕೆ ಮೇಸ್ತ್ರಿ?"

"ಯಾಕೆ ಅಂತ ನಿನಗೇ ಗೊತ್ತು."

"ಗೊತ್ತಿದ್ದರೆ ಕೇಳ್ತಿದ್ನಾ?"

ಮೇಸ್ತ್ರಿ ದನಿ ತಗ್ಗಿಸಿದ. ಆಸ್ಪತ್ರೆಯ ನೆಲಮಾಳಿಗೆಯ ಆ ಲಾಂಡ್ರಿಯಲ್ಲಿ ಐದು ದೊಡ್ಡ ಯಂತ್ರಗಳು ಒಟ್ಟಿಗೆ ಗುಡುಗುತ್ತಿರುತ್ತವೆ. ಅಲ್ಲಿ ಗುಟ್ಟು ಹೇಳುವುದಕ್ಕೆ ಆಗುವುದಿಲ್ಲ. ಅವನ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ.

"ಏನಂದ್ರಿ?"

"ಶನಿವಾರ ನಿನ್ನನ್ನ ಕಿಟಕಿ ಹತ್ತಿರ ನೋಡಿದೆ."

"ಯಾವ ಕಿಟಕಿ?"

"ಮಾತ್ರೆ ಕೊಡೋ ಕಿಟಕಿ. ಐದನೇ ಮಹಡಿಯವರದ್ದು."

"ಕೇಳಿಸ್ತಿಲ್ಲ, ಜೋರಾಗಿ ಹೇಳಿ."

ಮೇಸ್ತ್ರಿ ಎದೆ ತುಂಬ ಉಸಿರೆಳೆದುಕೊಂಡ. ಅದೇ ಗಳಿಗೆಗೆ ಯಂತ್ರಗಳು ಒಂದರ ಹಿಂದೊಂದು ಸುತ್ತು ಮುಗಿಸಿ ನಿಂತವು. ಲಾಂಡ್ರಿಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಆ ಮೌನದ ನಟ್ಟನಡುವೆ ಅವನ ಮಾತು ಬಿತ್ತು.

"ನಿನಗೆ ಹುಚ್ಚು ಅಂತ ಗೊತ್ತಾಗಿದೆ."

ಹನ್ನೊಂದು ಹೆಂಗಸರು, ನಾಲ್ವರು ಗಂಡಸರು. ಹದಿನೈದು ಜೊತೆ ಕಣ್ಣು ಅವಳ ಮೇಲೆ. ಹಿಂಡಿದ ಬಟ್ಟೆಯ ಗಾಡಿ ತಳ್ಳುತ್ತಿದ್ದವನು ಗಾಡಿಯನ್ನು ಅಲ್ಲೇ ಬಿಟ್ಟ. ಗಾಡಿ ತಾನೇ ಹೋಗಿ ಗೋಡೆಗೆ ಬಡಿಯಿತು. ಮಡಿಕೆಯಕ್ಕನ ಕಿವಿಯ ತುದಿ ಕಾದ ಕಬ್ಬಿಣವಾಯಿತು. ಒಂಬತ್ತು ವರ್ಷ ಎದೆಯೊಳಗೆ ಮಡಚಿಟ್ಟಿದ್ದದ್ದನ್ನು ಒಬ್ಬ ಒಂದೇ ಏಟಿಗೆ ಬಿಚ್ಚಿ ಒದರಿದ್ದ.

"ಬಿಸಿ ರೋಲರ್ ಹತ್ತಿರ ಇಂಥವರನ್ನ ಬಿಡೋಕೆ ನನ್ನ ತಲೆ ಕೆಟ್ಟಿಲ್ಲ," ಎಂದ ಮೇಸ್ತ್ರಿ, ಈಗ ಎಲ್ಲರಿಗೂ.

"ತಲೆ ಕೆಡದೇ ಇದ್ದವರು ತಮ್ಮ ಬೆರಳು ನೋಡ್ಕೊಂಡು ಮಾತಾಡಬೇಕು," ಎಂದಳು ದಪ್ಪಕ್ಕ.

ಮೇಸ್ತ್ರಿಯ ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು ಇತ್ತು. ಹೋದ ತಿಂಗಳು ಫೋನಿನಲ್ಲಿ ಮಾತಾಡುತ್ತ ಮಾತಾಡುತ್ತ, ಹಾಸುಗಳಿಗೆ ಇಸ್ತ್ರಿಯಾಗುವ ಬಿಸಿ ರೋಲರಿನ ಮೇಲೆ ಕೈ ಊರಿದ್ದ. ಮಡಿಕೆಯಕ್ಕ ಇಲ್ಲಿ ಕೆಲಸ ಮಾಡಿದ ಒಂಬತ್ತು ವರ್ಷದಲ್ಲಿ ಒಂದು ಬೆರಳನ್ನೂ ಸುಟ್ಟುಕೊಂಡಿರಲಿಲ್ಲ, ಒಂದು ದಿಂಬಿನ ಕವರನ್ನೂ ಸುಟ್ಟಿರಲಿಲ್ಲ. ಯಾರೋ ನಕ್ಕರು. ಮೇಸ್ತ್ರಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಮಡಿಕೆಯಕ್ಕ ಕೊಳೆ ಕೋಣೆಗೆ ಹೋದಳು.

ಅವಳಿಗೆ ಆ ಹೆಸರು ಬಂದದ್ದು ಮಡಚುವ ಕೈಚಳಕದಿಂದ. ರೋಲರಿನಿಂದ ಇಳಿದ ಹಾಸಿನ ಎರಡು ಮೂಲೆ ಅವಳು ಹಿಡಿದರೆ, ಎದುರಿನ ಎರಡು ಮೂಲೆ ದಪ್ಪಕ್ಕ. ಚಾಚು, ಕೊಡವು, ಹತ್ತಿರ ಬಾ, ಸೇರಿಸು. ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ದಿನಕ್ಕೆ ನಾನೂರು ಹಾಸು. ಸಂಜೆಗೆ ಭುಜದ ಕೀಲು ಕಿತ್ತು ಬರುವ ಹಾಗಾಗುತ್ತಿತ್ತು. ಆದರೂ ಅವಳು ಮಡಚಿದ ಹಾಸಿನ ಅಂಚು ಚಾಕುವಿನ ಹಾಗೆ ನೇರ. ಮೇಲಿನ ವಾರ್ಡುಗಳ ನರ್ಸುಗಳು ಬಂಡಲು ನೋಡಿಯೇ ಇದು ಯಾರ ಕೈ ಎಂದು ಹೇಳುತ್ತಿದ್ದರು.

ಕಾಯಿಲೆ ಅವಳಿಗೆ ಹಿಡಿದದ್ದು ಇಪ್ಪತ್ತೆರಡನೇ ವಯಸ್ಸಿಗೆ. ಈಗ ನಲವತ್ಮೂರು. ಮೊದಲ ಮೂರು ವರ್ಷದ ಬಗ್ಗೆ ಅವಳು ತಮಾಷೆ ಮಾಡುವುದಿಲ್ಲ. ನಲ್ಲಿಯ ಒಳಗಿಂದ ಅಕ್ಕಪಕ್ಕದವರು ತನ್ನ ಬಗ್ಗೆ ಮಾತಾಡುತ್ತಾರೆ ಎಂದು ನಲ್ಲಿಗಳಿಗೆಲ್ಲ ಬಟ್ಟೆ ಕಟ್ಟಿದ್ದಳು. ತಿಂಗಳುಗಟ್ಟಲೆ ಸ್ನಾನವಿಲ್ಲ. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಎರಡು ಸಲ ಇದೇ ಆಸ್ಪತ್ರೆಯ ಐದನೇ ಮಹಡಿಗೆ, ಮನೋರೋಗದ ವಾರ್ಡಿಗೆ, ಸೇರಿಸಿದರು. ಎರಡನೇ ಸಲ ಅವಳು ಒಳಗಿದ್ದಾಗ ಅಮ್ಮ ತೀರಿಕೊಂಡಳು. ಹೇಳಿದರು. ಅವಳಿಗೆ ಅಳು ಬರಲಿಲ್ಲ. ಆ ಅಳು ಇವತ್ತಿಗೂ ಬಾಕಿ ಇದೆ.

ಆಮೇಲಿನದ್ದರ ಬಗ್ಗೆ ಬೇಕಾದಷ್ಟು ತಮಾಷೆ ಮಾಡುತ್ತಾಳೆ. ಅವಳ ತಲೆಯಲ್ಲಿ ಇಬ್ಬರು ಇದ್ದರು. ಒಬ್ಬಳು ಅತ್ತೆ. ಮದುವೆಯೇ ಆಗದ ಹೆಣ್ಣಿಗೆ ಅತ್ತೆ ಗಂಟು ಬಿದ್ದಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕೊಂಕು. ಕೈ ನೋಡು, ಕಾಲು ನೋಡು, ನಿಂತ ಭಂಗಿ ನೋಡು, ಥೂ. ಇನ್ನೊಬ್ಬ ವರದಿಗಾರ. ಅವನಿಗೆ ಬೈಯುವ ಚಾಳಿಯಿಲ್ಲ, ಬರೀ ವರದಿ. ಈಗ ಅವಳು ಎದ್ದಳು. ಈಗ ಅವಳು ಚಪ್ಪಲಿ ಹುಡುಕುತ್ತಿದ್ದಾಳೆ. ಚಪ್ಪಲಿ ಮಂಚದ ಕೆಳಗಿರುವುದು ಅವನಿಗೂ ಗೊತ್ತಿರುವುದಿಲ್ಲ. "ಇಷ್ಟು ವರ್ಷದಿಂದ ಬಿಟ್ಟಿ ಊಟ, ಒಂದು ಉಪಯೋಗದ ಸುದ್ದಿ ಕೊಟ್ಟಿಲ್ಲ," ಎನ್ನುತ್ತಾಳೆ ಮಡಿಕೆಯಕ್ಕ.

ಮಾತ್ರೆ ಅವರನ್ನು ಓಡಿಸಲಿಲ್ಲ. ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದವರನ್ನು ಹಿತ್ತಲಿಗೆ ಕಳಿಸಿತು. ಅಲ್ಲಿಂದ ಗೊಣಗುತ್ತಾರೆ. ಜೊತೆಗೆ ಬಾಯಿ ಒಣಗುವುದು, ಕೈ ನಡುಗುವುದು, ಮೈ ದಪ್ಪವಾಗುವುದು ಬಂದವು. ಉಳಿದದ್ದನ್ನು ಅವಳೇ ಕಲಿತಳು. ರಾತ್ರಿ ಎಂಟಕ್ಕೆ ಮಾತ್ರೆ, ಒಂಬತ್ತಕ್ಕೆ ಹಾಸಿಗೆ, ಆಕಾಶ ಕಳಚಿ ಬಿದ್ದರೂ ಅದು ತಪ್ಪಕೂಡದು. ಸಂಜೆ ಆರರಿಂದ ಆರೂಕಾಲು ಅತ್ತೆಗೂ ವರದಿಗಾರನಿಗೂ ಭೇಟಿಯ ಸಮಯ. ಮಧ್ಯಾಹ್ನ ಬಾಯಿ ಹಾಕಿದರೆ, "ಆರಕ್ಕೆ ಬನ್ನಿ, ಈಗ ಕೆಲಸ ಇದೆ," ಎಂದುಬಿಡುವುದು. ಎಷ್ಟೋ ಸಲ ಆರಕ್ಕೆ ಅವರು ಬರುತ್ತಲೇ ಇರಲಿಲ್ಲ. ಕೆಟ್ಟ ದಿನಗಳಲ್ಲಿ ಅತ್ತೆ ಬೈಗುಳಕ್ಕೆ ನಿಲ್ಲುತ್ತಿರಲಿಲ್ಲ, ಸಾಯಿ ಎನ್ನುತ್ತಿದ್ದಳು. ಆಗ ಒಬ್ಬಳೇ ಇರಬಾರದು. ಎದ್ದು ಹೋಗಿ ಯಾರ ಪಕ್ಕದಲ್ಲಾದರೂ ಕೂರಬೇಕು. ಇದನ್ನು ಅವಳು ಪೆಟ್ಟು ತಿಂದು ಕಲಿತಿದ್ದಳು.

ಲಾಂಡ್ರಿಯಲ್ಲಿ ಅವಳ ವಿಷಯ ಗೊತ್ತಿದ್ದದ್ದು ದಪ್ಪಕ್ಕನೊಬ್ಬಳಿಗೆ. ಏಳು ವರ್ಷದ ಹಿಂದೆ ಹಾಸು ಮಡಚುತ್ತಿದ್ದಾಗ ಮಡಿಕೆಯಕ್ಕ ಇದ್ದಕ್ಕಿದ್ದಂತೆ, "ನನ್ನ ಯಾಕೆ ಬೈದೆ?" ಎಂದಿದ್ದಳು. ದಪ್ಪಕ್ಕ ಬೈದಿರಲಿಲ್ಲ. ಆವತ್ತು ಊಟದ ಹೊತ್ತಿನಲ್ಲಿ ಎಲ್ಲ ಹೇಳಬೇಕಾಗಿ ಬಂತು. ದಪ್ಪಕ್ಕ ಪೂರ್ತಿ ಕೇಳಿಸಿಕೊಂಡಳು. ಒಂದು ತುತ್ತನ್ನೂ ಬಿಡಲಿಲ್ಲ. ಕೈ ತೊಳೆದು ಬಂದು ಕೇಳಿದಳು.

"ಹಾಗಾದ್ರೆ ಬೈದಿದ್ದು ನಾನೋ ಅವಳೋ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತಾಗಲ್ಲ. ಅದೇ ತೊಂದರೆ."

"ಸರಿ ಬಿಡು. ಅನುಮಾನ ಬಂದಾಗ ನೀನು ಹುಬ್ಬು ಎತ್ತು. ನಾನು ಹಾಸನ್ನ ಒಂದು ಸಲ ಜಗ್ಗಿದರೆ ಅದು ನಾನೇ ಅಂದಿದ್ದು. ಎರಡು ಸಲ ಜಗ್ಗಿದರೆ ನಿಮ್ಮತ್ತೆ."

ಅಷ್ಟೆ. ಮತ್ತೆ ಆ ಮಾತು ಎತ್ತಲಿಲ್ಲ. ಏಳು ವರ್ಷ ಆ ಜಗ್ಗಾಟದ ಮೇಲೆ ಮಡಿಕೆಯಕ್ಕನ ಹಗಲು ನಿಂತಿತ್ತು. ಮೇಸ್ತ್ರಿ ಕಿತ್ತುಕೊಂಡದ್ದು ಅದನ್ನು.

ಕೊಳೆ ಕೋಣೆಗೆ ಕಿಟಕಿ ಇರಲಿಲ್ಲ. ಮೇಲಿನಿಂದ ಒಂದು ಕೊಳವೆಯ ಮೂಲಕ ಎಲ್ಲ ವಾರ್ಡುಗಳ ಬಟ್ಟೆ ಮೂಟೆಮೂಟೆಯಾಗಿ ಬಂದು ಬೀಳುತ್ತಿತ್ತು. ರಕ್ತ, ಕೀವು, ವಾಂತಿ, ಮಲ. ಬಿಚ್ಚಬೇಕು, ಬೇರೆ ಮಾಡಬೇಕು, ಮಡಿಕೆಗಳಲ್ಲಿ ಸೂಜಿ ಇದೆಯೇ ನೋಡಬೇಕು. ಅವಳಿಗೆ ಕೊಟ್ಟ ಕೈಗವಸಿನ ಹೆಬ್ಬೆರಳು ಹರಿದಿತ್ತು. ಮೊದಲನೇ ದಿನ ಒಂದು ಜೊತೆ ಕಟ್ಟಿಸಿದ ಹಲ್ಲು ಸಿಕ್ಕಿತು. ಅವಳು ಅದನ್ನು ಒರೆಸಿ ಬಟ್ಟಲಿನಲ್ಲಿಟ್ಟಳು. ಅದು ಅವಳನ್ನು ನೋಡಿ ನಗುತ್ತ ಕೂತಿತು. ಇಡೀ ದಿನ ಆ ಕೋಣೆಯಲ್ಲಿ ನಕ್ಕದ್ದು ಅದೊಂದೇ.

ಚಹಾದ ಹೊತ್ತಿಗೆ ಅವಳ ಲೋಟಕ್ಕೆ ಯಾರೋ ಕೆಂಪು ದಾರ ಸುತ್ತಿದ್ದರು. ಬೇರೆಯವರ ಲೋಟಗಳ ಸಾಲಿನಿಂದ ಒಂದು ಗೇಣು ದೂರ. ಚಹಾ ಹಂಚುವವಳು ನೆಲ ನೋಡುತ್ತ ಎತ್ತರದಿಂದ ಸುರಿದಳು. ಅರ್ಧ ಲೋಟಕ್ಕೆ, ಅರ್ಧ ಕೈಗೆ.

"ಇದು ಅಂಟುತ್ತೆ ಅಂತ ಭಯಾನಾ?" ಎಂದಳು ಮಡಿಕೆಯಕ್ಕ, ಕೈಗೆ ಗಾಳಿ ಊದಿಕೊಳ್ಳುತ್ತ. "ಇಪ್ಪತ್ತು ವರ್ಷದಿಂದ ನನ್ನ ತಮ್ಮನ ಜೊತೆ ಒಂದೇ ಮನೇಲಿ ಇದೀನಿ. ಅವನಿಗೆ ನನ್ನ ಬುದ್ಧಿ ಒಂದು ಚೂರೂ ಅಂಟಿಲ್ಲ ತಾಯಿ."

ಚಹಾದವಳು ನಗಲಿಲ್ಲ. ಮಡಿಕೆಯಕ್ಕ ಆ ಚಹಾ ಕುಡಿದಳು. ತಳದವರೆಗೂ ಕುಡಿದಳು.

ಮಂಗಳವಾರ ಕೆಟ್ಟಿತು. ಕೋಣೆಯ ಗಾಳಿ ಎಳೆಯುವ ಫ್ಯಾನು ಒಂದೇ ಸಮನೆ ಗೊರಗೊರ ಎನ್ನುತ್ತಿತ್ತು. ಆ ಗೊರಗೊರದೊಳಗೆ ಅತ್ತೆಗೆ ಒಳ್ಳೆಯ ಜಾಗ ಸಿಕ್ಕಿತು. ಹಿತ್ತಲಿನಲ್ಲಿದ್ದವಳು ಚಾಪೆ ಸಮೇತ ನಡುಮನೆಗೆ ಬಂದಳು. ನೋಡು, ಮಲ ಬಾಚೋದಕ್ಕೇ ಹುಟ್ಟಿದವಳು. ಎಲ್ಲರಿಗೂ ಗೊತ್ತಾಯ್ತು. ಬಾಗಿಲಾಚೆ ನಿಂತು ನಗ್ತಿದಾರೆ. ನಿಜಕ್ಕೂ ಬಾಗಿಲಾಚೆ ನಗು ಕೇಳಿಸಿತು. ಯಾರು ನಕ್ಕರು? ನಕ್ಕರೋ ಇಲ್ಲವೋ? ಮಡಿಕೆಯಕ್ಕ ಹುಬ್ಬು ಎತ್ತಿದಳು. ಎದುರಿಗೆ ಗೋಡೆ. ಕೈಯಲ್ಲಿದ್ದ ಕೊಳಕು ಹಾಸಿನ ತುದಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಜಗ್ಗಿದಳು. ಮೊಳೆ ಉತ್ತರ ಕೊಡಲಿಲ್ಲ.

ಅವಳು ಮೂಟೆಗಳ ಮೇಲೆ ಕೂತಳು. ಈಗ ಅವಳು ಕೂತಳು, ಎಂದ ವರದಿಗಾರ. "ಭಾರೀ ಸುದ್ದಿ," ಎಂದಳು ಮಡಿಕೆಯಕ್ಕ. ತನ್ನ ದನಿ ತನಗೇ ಕೇಳಿದ್ದು ಒಳ್ಳೆಯದಾಯಿತು. ಎದ್ದಳು. "ಅತ್ತೆ, ಬಾಯಿ ಇದೆಯಲ್ಲ, ಬೈ. ನನ್ನನ್ನಲ್ಲ. ಈ ಕಲೆ ಬೈ." ಒಂದೊಂದು ಕಲೆಯನ್ನೂ ಎತ್ತಿ ತೋರಿಸಿದಳು. ಅತ್ತೆ ಸ್ವಲ್ಪ ಹೊತ್ತು ಕಕ್ಕಾಬಿಕ್ಕಿಯಾದಳು. ಆಮೇಲೆ ಚಾಳಿ ಬಿಡಲಾರದೆ ಕಲೆಗಳನ್ನು ಬೈಯತೊಡಗಿದಳು. ದಿಂಬಿನ ಕವರುಗಳನ್ನು ಮಡಿಕೆಯಕ್ಕ ಗಟ್ಟಿಯಾಗಿ ಎಣಿಸಿದಳು. ನೂರ ಎಂಬತ್ತಕ್ಕೆ ಮೈಯೆಲ್ಲ ಬೆವರು. ಮಧ್ಯಾಹ್ನ ದಪ್ಪಕ್ಕ ಊಟ ಬಿಟ್ಟು ಬಂದಳು. ಬಾಗಿಲಲ್ಲಿ ನಿಂತು ಒಂದು ಟವೆಲಿನ ತುದಿ ಚಾಚಿದಳು. ಮಡಿಕೆಯಕ್ಕ ಇನ್ನೊಂದು ತುದಿ ಹಿಡಿದಳು.

"ಹೊರಗೆ ನಕ್ಕಿದ್ರಾ?"

ಒಂದು ಜಗ್ಗು. "ಗಾಡಿಯವನು ನಕ್ಕ. ಬೇರೆ ಯಾವುದಕ್ಕೋ."

"ದಪ್ಪಕ್ಕ, ಇಲ್ಲಿ ಹದಿನೈದು ದಿನ ಇದ್ದರೆ ನಾನು ಮತ್ತೆ ಐದನೇ ಮಹಡಿಗೇ."

ದಪ್ಪಕ್ಕ ಟವೆಲು ಮಡಚಿ ಅವಳ ಕೈಗೆ ಕೊಟ್ಟು ಹೋದಳು.

ನಾಲ್ಕು ಗಂಟೆಗೆ ಮೇಸ್ತ್ರಿ ಮೂಗು ಮುಚ್ಚಿಕೊಂಡು ಬಂದ. ಕೈಯಲ್ಲಿ ಅವಳ ಹೆಸರಿನಲ್ಲಿ ಟೈಪು ಮಾಡಿದ ಒಂದು ಹಾಳೆ: ಆರೋಗ್ಯದ ಕಾರಣದಿಂದ ನನ್ನನ್ನು ಕೊಳೆ ಬಟ್ಟೆ ವಿಭಾಗಕ್ಕೆ ಖಾಯಂ ಆಗಿ ವರ್ಗಾಯಿಸಬೇಕೆಂದು ನಾನೇ ಸ್ವಇಚ್ಛೆಯಿಂದ ಕೇಳಿಕೊಂಡಿದ್ದೇನೆ. ಕೆಳಗೆ ಸಹಿಗೆ ಜಾಗ.

"ನಾಳೆ ಸಹಿ ಹಾಕಿ ಕೊಡು. ಇನ್ನೊಂದು ಮಾತು. ನಾಳೆ ಮೂರು ಗಂಟೆಗೆ ದೊಡ್ಡ ಹಾಲಿನಲ್ಲಿ ಸಭೆ ಇದೆ. ನೀನು ಬರಬೇಡ."

"ಎಲ್ಲರೂ ಬರಲೇಬೇಕು ಅಂತ ನೋಟೀಸು ಹಾಕಿದೀರಲ್ಲ. ಏನು ಸಭೆ?"

ಮೇಸ್ತ್ರಿ ಕೆಮ್ಮಿದ. "ಮನೋಸ್ಥೈರ್ಯ ದಿನ. ಅಲ್ಲಿ ಮನಸ್ಸಿನ ಕಾಯಿಲೆ, ಧೈರ್ಯ, ಇಂಥದ್ದೆಲ್ಲ ಮಾತಾಡ್ತಾರೆ. ದೊಡ್ಡವರು ಬರ್ತಾರೆ. ನಿನಗೆ ಅದು ಆಗಿಬರಲ್ಲ."

ಮಡಿಕೆಯಕ್ಕನಿಗೆ ಅಷ್ಟು ಸುಸ್ತಿನಲ್ಲೂ ನಗು ಬಂತು. ಬಾಯಿ ಮುಚ್ಚಿಕೊಳ್ಳಲು ಕೈಗವಸು ಅಡ್ಡ ಬಂತು.

ಸಂಜೆ ಊಟದ ಮೇಜಿನ ಮೇಲೆ ಹಾಳೆ ಇಟ್ಟಳು. ಅವಳ ತಮ್ಮ ಬಸ್ ಡ್ರೈವರ್. ಒಂದೇ ಉಸಿರಿಗೆ ಓದಿ ಅವಳ ಕಡೆ ಪೆನ್ನು ತಳ್ಳಿದ.

"ಹಾಕಿಬಿಡು ಅಕ್ಕ. ಕೆಲಸ ಅಂತೂ ಇರುತ್ತಲ್ಲ."

"ನಾನೇ ಕೇಳಿಕೊಂಡಿದ್ದೇನೆ ಅಂತ ಬರೆದಿದೆ. ನಾನು ಕೇಳಿಕೊಂಡಿಲ್ಲ."

"ಬರೀ ಮಾತು ಅದು."

"ಬರೀ ಮಾತು ಎಷ್ಟು ಭಾರ ಇರುತ್ತೆ ಅಂತ ನನಗೆ ಹೇಳಿಕೊಡ್ತೀಯಾ?"

ತಮ್ಮ ತಲೆ ತಗ್ಗಿಸಿದ. ಅವನಿಗೆ ಹದಿನಾರಾಗಿದ್ದಾಗ, ಕೂಗಾಡುತ್ತಿದ್ದ ಅಕ್ಕನ ಕೈಯನ್ನು ಟವೆಲಿನಿಂದ ಕಟ್ಟಿ ಆಸ್ಪತ್ರೆಗೆ ಕರೆತಂದವನು ಅವನೇ. ಆ ಗಂಟು ಅವನ ಕೈಯಿಂದ ಇನ್ನೂ ಬಿಚ್ಚಿರಲಿಲ್ಲ.

"ನೀನು ಎದುರು ನಿಂತರೆ ನಿನ್ನ ಮೇಲೆ ಬೀಳ್ತಾರೆ. ನೀನು ಕೆಡ್ತೀಯ. ನನಗೆ ಮತ್ತೆ ಆ ಮೂರು ವರ್ಷ ಬೇಡ ಅಕ್ಕ."

"ನನಗೂ ಬೇಡ ಕಣೋ. ಅದಕ್ಕೇ ಸಹಿ ಹಾಕಲ್ಲ. ಮಾತ್ರೆ ನುಂಗ್ತೀನಿ, ನಿದ್ದೆ ಮಾಡ್ತೀನಿ, ಡಾಕ್ಟರು ಹೇಳಿದ್ದೆಲ್ಲ ಮಾಡ್ತೀನಿ. ಆದರೆ ಆ ಕೋಣೇಲಿ ಒಂಟಿಯಾಗಿ ಕೂತರೆ ಯಾವ ಮಾತ್ರೆಯೂ ನನ್ನ ಹಿಡಿದಿಡಲ್ಲ. ಇದು ಹಟ ಅಲ್ಲ. ಲೆಕ್ಕಾಚಾರ."

ತಮ್ಮ ಪೆನ್ನನ್ನು ವಾಪಸ್ಸು ಜೇಬಿಗೆ ಹಾಕಿಕೊಂಡ. "ಎಂಟು ಗಂಟೆ ಆಯ್ತು," ಎಂದು ಮಾತ್ರೆಯ ಡಬ್ಬಿ ತಂದಿಟ್ಟ.

ಬುಧವಾರ ಮೂರಕ್ಕೆ ಮಡಿಕೆಯಕ್ಕ ಮುಖ ತೊಳೆದು, ತಲೆ ಬಾಚಿ, ಸಭೆಯ ಹಾಲಿಗೆ ಹೋದಳು. ಕೊನೆಯ ಸಾಲಿನಲ್ಲಿ ಕೂತಳು. ಅಕ್ಕಪಕ್ಕದ ಎರಡು ಕುರ್ಚಿ ತಾವಾಗಿ ಖಾಲಿಯಾದವು. ಮುಂದಿನ ಸಾಲಿನಿಂದ ಮೇಸ್ತ್ರಿ ಹಿಂತಿರುಗಿ ನೋಡಿ ಕಣ್ಣು ಅಗಲಿಸಿದ. ಅವಳು ನಮಸ್ಕಾರ ಮಾಡಿದಳು. ವೇದಿಕೆಯ ಮೇಜಿಗೆ ಹಾಸಿದ್ದ ಬಿಳಿ ಬಟ್ಟೆ ಸುಕ್ಕುಸುಕ್ಕಾಗಿತ್ತು, ಮಡಚಿದವರಿಗೆ ಮೂಲೆ ಯಾವುದು ನಡು ಯಾವುದು ಗೊತ್ತಿರಲಿಲ್ಲ. ಅದನ್ನು ನೋಡುತ್ತ ಕೂರುವುದು ಅವಳಿಗೆ ನಿಜವಾದ ಹಿಂಸೆಯಾಯಿತು.

ಅತಿಥಿ ಚೆನ್ನಾಗಿ ಮಾತಾಡುತ್ತಿದ್ದ. ಒಳ್ಳೆಯ ಕೋಟು, ಹೊಳೆಯುವ ಹಲ್ಲು. ಮನೋಸ್ಥೈರ್ಯ ನಮ್ಮೊಳಗೇ ಇದೆ, ಹೊರಗೆ ಹುಡುಕಬೇಡಿ ಎಂದ. ಮನಸ್ಸು ಮಾಡಿದರೆ ಯಾವ ರೋಗವೂ ದೊಡ್ಡದಲ್ಲ ಎಂದ. ದೊಡ್ಡ ಸಾಹೇಬರು, ಅಂದರೆ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವವರು, ವೇದಿಕೆ ಮೇಲೆ ತಲೆಯಾಡಿಸಿದರು. ಅತಿಥಿ ಕೋಟಿನ ಜೇಬಿನಿಂದ ಒಂದು ಹಸಿರು ರಬ್ಬರ್ ಚೆಂಡು ತೆಗೆದ.

"ನೋಡಿ, ಬದುಕು ನಿಮ್ಮನ್ನ ನೆಲಕ್ಕೆ ಎಸೆಯುತ್ತೆ. ನೀವು ಈ ಚೆಂಡಿನ ಹಾಗೆ ಪುಟಿಯಬೇಕು."

ಎಸೆದ. ಚೆಂಡು ಪುಟಿಯಿತು, ಸ್ವಲ್ಪ ಹೆಚ್ಚೇ ಪುಟಿಯಿತು. ಅವನ ಕೈ ತಪ್ಪಿಸಿ, ವೇದಿಕೆಯ ಮೆಟ್ಟಿಲಿಳಿದು, ಕುರ್ಚಿಗಳ ಕೆಳಗೆ ನುಸುಳಿ, ಗೋಡೆಗೆ ಬಡಿದು ನಿಂತಿತು. ಜನ ಕಾಲು ಎತ್ತಿ ಎತ್ತಿ ಹುಡುಕಿದರು. ಸಿಕ್ಕಿದ್ದು ಮಡಿಕೆಯಕ್ಕನಿಗೆ. ಅವಳು ಅದನ್ನು ಹಿಡಿದು ಇಡೀ ಹಾಲಿನ ಉದ್ದಕ್ಕೂ ನಡೆದು ವೇದಿಕೆ ಹತ್ತಿದಳು. ಈಗ ಅವಳು ಮೆಟ್ಟಿಲು ಹತ್ತಿದಳು, ಎಂದ ವರದಿಗಾರ.

"ಬನ್ನಿ ಬನ್ನಿ ತಾಯಿ," ಎಂದ ಅತಿಥಿ, ಮೈಕು ಅವಳ ಕೈಗೆ ಕೊಟ್ಟು. "ನೀವೇ ಹೇಳಿ, ನಿಮ್ಮ ಬದುಕಿನಲ್ಲಿ ಬಿದ್ದು ಎದ್ದ ಒಂದು ಪ್ರಸಂಗ."

ಮೇಸ್ತ್ರಿ ಕೆಳಗಿನಿಂದ ಎರಡೂ ಕೈಯಲ್ಲಿ ಬೇಡ ಬೇಡ ಎಂದು ಸನ್ನೆ ಮಾಡಿದ. ಅವಳ ಕೈ ನಡುಗುತ್ತಿದೆ, ಎಂದ ವರದಿಗಾರ.

"ಹೌದು, ನಡುಗ್ತಿದೆ," ಎಂದಳು ಮಡಿಕೆಯಕ್ಕ ಮೈಕಿನಲ್ಲಿ. "ಮಾತ್ರೆಯಿಂದ. ನನಗೆ ಸ್ಕಿಝೋಫ್ರೇನಿಯಾ ಇದೆ. ಇಪ್ಪತ್ತೊಂದು ವರ್ಷ ಆಯ್ತು. ಲಾಂಡ್ರಿಯಲ್ಲಿ ಹಾಸು ಮಡಚ್ತೀನಿ. ಮಡಚ್ತಿದ್ದೆ, ಸೋಮವಾರದವರೆಗೆ."

ಅತಿಥಿಯ ನಗು ಮುಖದ ಮೇಲೇ ಉಳಿಯಿತು, ತೆಗೆಯುವುದಕ್ಕೆ ಮರೆತ ಹಾಗೆ.

"ಸಾರ್, ನಿಮ್ಮ ಚೆಂಡು ಚೆನ್ನಾಗಿದೆ. ಆದರೆ ಅದು ಪುಟಿದಿದ್ದು ಕೆಳಗೆ ಗಟ್ಟಿ ನೆಲ ಇತ್ತು ಅಂತ. ಕೆಸರಲ್ಲಿ ಎಸೀರಿ, ಅದೂ ಅಲ್ಲೇ ಕೂರುತ್ತೆ. ನನಗೆ ನೆಲ ಅಂದರೆ ನನ್ನ ಕೆಲಸ. ಎದುರಿಗೆ ನಿಂತು ಹಾಸಿನ ಇನ್ನೊಂದು ತುದಿ ಹಿಡಿಯೋ ಒಬ್ಬಳು. ಹೊತ್ತಿಗೆ ಸರಿಯಾಗಿ ನಿದ್ದೆ. ಇಷ್ಟಿದ್ದರೆ ನಾನು ಎಷ್ಟು ಸಲ ಬೇಕಾದರೂ ಏಳ್ತೀನಿ. ನಿಮ್ಮ ಚೆಂಡಿಗಿಂತ ಚೆನ್ನಾಗಿ ಏಳ್ತೀನಿ. ಸೋಮವಾರ ನನ್ನ ಕೆಳಗಿನ ನೆಲ ಕಿತ್ತರು. ಕಿತ್ತವರೇ ಇವತ್ತು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೀತಿದಾರೆ."

ಸೆರಗಿನ ಗಂಟಿನಿಂದ ಹಾಳೆ ತೆಗೆದು ಓದಿದಳು. ಅಕ್ಷರ ಬಿಡದೆ ಓದಿದಳು. 'ನಾನೇ ಸ್ವಇಚ್ಛೆಯಿಂದ ಕೇಳಿಕೊಂಡಿದ್ದೇನೆ' ಎನ್ನುವಲ್ಲಿ ನಿಲ್ಲಿಸಿದಳು.

"ಇಪ್ಪತ್ತೊಂದು ವರ್ಷದಿಂದ ಯಾರೂ ಹೇಳದೇ ಇರೋದನ್ನೆಲ್ಲ ನಾನು ಕೇಳಿದೀನಿ. ಹಗಲೂ ಕೇಳಿದೀನಿ, ರಾತ್ರಿಯೂ ಕೇಳಿದೀನಿ. ಕೇಳಬಾರದ್ದನ್ನೆಲ್ಲ ಕೇಳಿದೀನಿ. ಆದರೆ ಇದೊಂದನ್ನ ನಾನು ಕೇಳಿಲ್ಲ."

ತಡವಾಗಿ ಬಂದು ಹಿಂದೆ ನಿಂತಿದ್ದ ದಪ್ಪಕ್ಕ ನಕ್ಕಳು. ದಪ್ಪಕ್ಕನ ನಗು ದಪ್ಪಕ್ಕನಷ್ಟೇ ಇರುತ್ತದೆ. ಅದು ಸಾಲಿನಿಂದ ಸಾಲಿಗೆ ಹಬ್ಬಿತು. ನರ್ಸುಗಳು ನಕ್ಕರು. ಯಾರೋ ಒಬ್ಬ ಡಾಕ್ಟರು ನಗುತ್ತ ನಗುತ್ತ ಕನ್ನಡಕ ಒರೆಸಿಕೊಂಡ.

ದೊಡ್ಡ ಸಾಹೇಬರು ಎದ್ದು ಅವಳ ಹತ್ತಿರ ಬಂದರು. "ಇದನ್ನೆಲ್ಲ ಇಲ್ಲಿ ಬೇಡಮ್ಮ. ಆಮೇಲೆ ಖಾಸಗಿಯಾಗಿ ಮಾತಾಡೋಣ."

"ಖಾಸಗಿಯಾಗಿ ಮಾತಾಡೋಕೆ ನನಗೆ ಆಗಲೇ ಇಬ್ಬರಿದಾರೆ ಸಾರ್. ಮೂರನೆಯವರು ಬೇಡ. ನೀವು ಎಲ್ಲರ ಮುಂದೆ ಮಾತಾಡಿ."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಅಂಚು ತೀಡಿ, ಸುಕ್ಕಾದ ಮೇಜಿನ ಬಟ್ಟೆಯ ಮೇಲಿಟ್ಟಳು. ಪಕ್ಕದಲ್ಲಿ ಚೆಂಡು ಇಟ್ಟಳು.

"ಸಹಿ ಹಾಕಲ್ಲ," ಎಂದಳು. ಇಳಿದು ಬಂದಳು. ಬಾಗಿಲಾಚೆ ಹೋದದ್ದೇ ಗೋಡೆಗೆ ಆತು ಕುಸಿದಳು. ಅರ್ಧ ಗಂಟೆ ಮೇಲೇಳಲು ಆಗಲಿಲ್ಲ. ದಪ್ಪಕ್ಕ ಪಕ್ಕದಲ್ಲಿ ಕಾಲು ಚಾಚಿ ಕೂತು, "ಅವನ ಕೋಟಿಗೆ ಇಸ್ತ್ರಿ ಸರಿ ಇರಲಿಲ್ಲ, ನೋಡಿದ್ಯಾ?" ಎಂದು ಬೇರೆ ಮಾತಾಡುತ್ತ ಇದ್ದಳು.

ಗುರುವಾರ ಬೆಳಗ್ಗೆ ಮಡಿಕೆಯಕ್ಕ ನೇರ ಮಡಚುವ ಮೇಜಿಗೆ ಹೋದಳು. ಮೇಸ್ತ್ರಿ ಕೊಳೆ ಕೋಣೆಯ ಕಡೆ ಕೈ ತೋರಿಸಿದ. ಅವಳು ಅಲ್ಲಾಡಲಿಲ್ಲ. ಅವಳ ಜಾಗಕ್ಕೆ ಅವನು ಇನ್ನೊಬ್ಬಳನ್ನು ಕರೆದ. ಆ ಇನ್ನೊಬ್ಬಳು ಹಾಸಿನ ಎರಡು ಮೂಲೆ ಹಿಡಿದು ಎದುರಿಗೆ ಚಾಚಿದಳು. ದಪ್ಪಕ್ಕ ಕೈ ಕಟ್ಟಿ ನಿಂತಳು.

"ಹಿಡೀರಿ," ಎಂದ ಮೇಸ್ತ್ರಿ.

"ನನ್ನ ಜೋಡಿ ಅಲ್ಲಿ ನಿಂತಿದಾಳೆ," ಎಂದಳು ದಪ್ಪಕ್ಕ.

ಪಕ್ಕದ ಜೋಡಿಯಲ್ಲಿ ಒಬ್ಬಳು ಮೆಲ್ಲಗೆ ತನ್ನ ತುದಿ ಕೆಳಗೆ ಬಿಟ್ಟಳು. ಆಮೇಲೆ ಮತ್ತೊಬ್ಬಳು. ಚಹಾದವಳು ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದಳು, ಲೋಟಗಳನ್ನು ಕೆಳಗಿಟ್ಟು ಅಲ್ಲೇ ನಿಂತಳು. ಒಂದೇ ಕೈಯಿಂದ ಚಪ್ಪಾಳೆಯಾಗದು, ಒಂದೇ ತುದಿಯಿಂದ ಹಾಸು ಮಡಿಕೆಯಾಗದು. ರೋಲರು ಬಿಸಿ ಬಿಸಿ ಬಟ್ಟೆ ಉಗುಳುತ್ತಲೇ ಇತ್ತು. ನೆಲದ ಮೇಲೆ ಬಿಳಿ ಗುಡ್ಡ ಬೆಳೆಯಿತು. ಮೇಸ್ತ್ರಿ ತಾನೇ ಒಂದನ್ನು ಎತ್ತಿಕೊಂಡ. ಗಲ್ಲದ ಕೆಳಗೆ ಒತ್ತಿ ಹಿಡಿದು ಮಡಚಲು ಹೋದ. ಹಾಸು ಅವನನ್ನೇ ಮಡಚಿತು. ಬಟ್ಟೆಯೊಳಗಿಂದ ಅವನ ಬ್ಯಾಂಡೇಜಿನ ಬೆರಳು ಮಾತ್ರ ಹೊರಗೆ ಕಾಣುತ್ತಿತ್ತು.

ಹನ್ನೊಂದಕ್ಕೆ ಹೆರಿಗೆ ವಾರ್ಡಿನಿಂದ ಫೋನು. ಹನ್ನೆರಡಕ್ಕೆ ಮೂರನೇ ಮಹಡಿ. ಹನ್ನೆರಡೂವರೆಗೆ ಆಪರೇಷನ್ ಥಿಯೇಟರಿನವರೇ ಇಳಿದು ಬಂದರು. ಒಂದೂಕಾಲಿಗೆ ದೊಡ್ಡ ಸಾಹೇಬರು ಮೊದಲ ಸಲ ಆ ನೆಲಮಾಳಿಗೆಯ ಮೆಟ್ಟಿಲಿಳಿದರು. ಒದ್ದೆ ನೆಲದಲ್ಲಿ ಜಾರಿದರು. ಗಾಡಿಯವನು ಹಿಡಿದುಕೊಂಡ.

"ಸದ್ಯಕ್ಕೆ ಇವರು ಇಲ್ಲೇ ಇರಲಿ," ಎಂದರು ಮೇಸ್ತ್ರಿಗೆ.

"ಸದ್ಯಕ್ಕೆ ಅಂದರೆ ಎಷ್ಟು ದಿನ ಸಾರ್?" ಎಂದಳು ಮಡಿಕೆಯಕ್ಕ. "ಮತ್ತೆ ಕೊಳೆ ಕೋಣೆ? ಅಲ್ಲಿ ಯಾರನ್ನ ಹಾಕ್ತೀರಿ? ಯಾರೇ ಆಗಲಿ, ಒಬ್ಬರನ್ನೇ ಹಾಕಬಾರದು. ಸರದಿ ಮಾಡಿ, ಇಬ್ಬಿಬ್ಬರು. ನನ್ನ ಸರದಿ ಬಂದರೆ ನಾನೂ ಹೋಗ್ತೀನಿ. ಹರಿಯದ ಗ್ಲೌಸು ಕೊಡಿ."

ಸಾಹೇಬರು ಸರಿ ಎಂದರು. ಕ್ಷಮೆ ಕೇಳಲಿಲ್ಲ, ಬರೆದು ಕೊಡಲಿಲ್ಲ. ಆದರೆ ಹದಿನೈದು ಜನರ ಎದುರಿಗೆ ಸರಿ ಎಂದರು. ಎರಡು ಗಂಟೆಗೆ ಹಾಸುಗಳು ಮೇಲೆ ಹೋದವು.

ಇದಕ್ಕೆ ಮಡಿಕೆಯಕ್ಕ ಬೆಲೆ ತೆತ್ತಳು. ಎರಡು ವಾರ ನಿದ್ದೆ ಸರಿಯಾಗಿ ಹತ್ತಲಿಲ್ಲ. ಅತ್ತೆ ಆರು ಗಂಟೆಯ ಕಟ್ಟುಪಾಡು ಮುರಿದು ಬೆಳಗ್ಗೆಯೇ ಹಾಜರಾಗುತ್ತಿದ್ದಳು. ಡಾಕ್ಟರು ಮಾತ್ರೆ ಒಂದು ಕಾಲುಭಾಗ ಹೆಚ್ಚು ಮಾಡಿದರು, ವಾರಕ್ಕೊಮ್ಮೆ ಬಂದು ಹೋಗಲು ಹೇಳಿದರು. ಲಾಂಡ್ರಿಯಲ್ಲೂ ಎಲ್ಲರೂ ಒಂದೇ ದಿನಕ್ಕೆ ಬದಲಾಗಲಿಲ್ಲ. ಕೆಲವರು ಈಗಲೂ ಅವಳ ಜೊತೆ ಮಾತಾಡುವಾಗ ಕಿವುಡರ ಜೊತೆ ಮಾತಾಡುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಅವಳೂ ಬಿಡಿಸಿ ಬಿಡಿಸಿ ಉತ್ತರ ಕೊಡುತ್ತಿದ್ದಳು.

ಡಾಕ್ಟರ ಹತ್ತಿರ ಹೋಗಲು ಅರ್ಧ ದಿನದ ರಜೆ ಬೇಕಿತ್ತು. ಮೇಸ್ತ್ರಿಯ ಮೇಜಿನ ಮೇಲೆ ಒಂದು ರಜೆ ಪುಸ್ತಕ ಇರುತ್ತಿತ್ತು. ಹೆಸರು, ದಿನ, ಕಾರಣ. ಕಾರಣದ ಕಾಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಎಲ್ಲರದೂ ಒಂದೇ: ಸ್ವಂತ ಕೆಲಸ, ಸ್ವಂತ ಕೆಲಸ, ಸ್ವಂತ ಕೆಲಸ. ಹೆರಿಗೆಗೂ ಅದೇ, ಹಲ್ಲುನೋವಿಗೂ ಅದೇ.

ಮಡಿಕೆಯಕ್ಕ ಪೆನ್ನು ತೆಗೆದುಕೊಂಡು ಬಾಗಿ ಬರೆದಳು. ಕೈ ನಡುಗಿದರೂ ಅಕ್ಷರ ದುಂಡಗೆ ಬಂತು. ಸ್ಕಿಝೋಫ್ರೇನಿಯಾ.

ಮೇಸ್ತ್ರಿ ತಲೆ ಓರೆ ಮಾಡಿ ಓದಿದ. "ಇದೆಲ್ಲ ಯಾಕೆ ಬರೀತೀಯ? ಸ್ವಂತ ಕೆಲಸ ಅಂತ ಬರಿ."

"ಇದಕ್ಕಿಂತ ಸ್ವಂತದ್ದು ನನ್ನ ಹತ್ತಿರ ಏನೂ ಇಲ್ಲ ಮೇಸ್ತ್ರಿ."

"ಕೊಡಿಲ್ಲಿ," ಎಂದು ದಪ್ಪಕ್ಕ ಪುಸ್ತಕ ಎಳೆದುಕೊಂಡಳು. "ನನಗೂ ಮಂಗಳವಾರ ರಜೆ ಬೇಕು. ನಾಲ್ಕು ವರ್ಷದಿಂದ ಮುಚ್ಚಿಟ್ಟುಕೊಂಡು ಕೂರೋಕೂ ಆಗದೆ ನಿಲ್ಲೋಕೂ ಆಗದೆ ಸಾಕಾಗಿದೆ." ನಾಲಿಗೆ ಕಚ್ಚಿಕೊಂಡು, ಪೆನ್ನು ಒತ್ತಿ ಒತ್ತಿ, ಎರಡು ಗೆರೆ ಹಿಡಿಯುವಷ್ಟು ದೊಡ್ಡದಾಗಿ ಬರೆದಳು. ಮೂಲವ್ಯಾಧಿ.

ಮೇಸ್ತ್ರಿ ಎರಡನ್ನೂ ನೋಡಿದ. ಎರಡರ ಮುಂದೆಯೂ ಮಂಜೂರು ಎಂದು ಬರೆದ. ಅವರಿಬ್ಬರೂ ನಾಲ್ಕು ಹೆಜ್ಜೆ ಹೋಗಿದ್ದರು.

"ಅಲ್ಲಾ ದಪ್ಪಕ್ಕ," ಎಂದ ಅವನು, ಪುಸ್ತಕದಿಂದ ತಲೆ ಎತ್ತದೆ. "ಅದಕ್ಕೆ ಯಾವ ಡಾಕ್ಟರು?"

ಮಡಿಕೆಯಕ್ಕ ತಿರುಗಿ ನಿಂತಳು. ಅವನ ಕಿವಿ ಕೆಂಪಾದದ್ದನ್ನು ಕಣ್ತುಂಬ ನೋಡಿದಳು.

"ಬೇಗ ಬಂದು ಸಾಲಿನಲ್ಲಿ ನಿಂತ್ಕೋಬೇಕು ಮೇಸ್ತ್ರಿ," ಎಂದಳು. "ಅಲ್ಲಿ ಎಲ್ಲರೂ ನಿಂತೇ ಇರ್ತಾರೆ, ಯಾರೂ ಕೂರಲ್ಲ."